ಸೊರಗಿದ ವರ್ಷದ ಕಥೆಯನ್ನೂ ಹೇಳಿ

ನಮಸ್ಕಾರ. ಸಾವಯವ ಕೃಷಿ ಸಮಾವೇಶಕ್ಕೆ ಹೋಗಿ ಬಂದವರಿಗೆ ಈ ದೃಶ್ಯ ಹೊಸದಲ್ಲ. ವೇದಿಕೆ ಮೇಲೆ ಒಬ್ಬ ರೈತರು ನಿಂತಿದ್ದಾರೆ. ರಾಸಾಯನಿಕ ಬಿಟ್ಟೆ, ಮಣ್ಣು ಮೆತ್ತಗಾಯ್ತು, ಎರೆಹುಳು ಬಂತು, ಫಸಲು ಕೈಗೆ ಬಂತು ಅಂತಾರೆ. ಹಿಂದಿನ ಪರದೆ ತುಂಬ ಹಸಿರು. ಜನ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟಿದ್ದೇನೆ, ಮನಸಾರೆ. ಅವರು ಹೇಳೋದು ಸುಳ್ಳಲ್ಲ. ಆದರೆ ರಾಸಾಯನಿಕ ಬಿಟ್ಟ ದಿನಕ್ಕೂ ಆ ಫಸಲಿಗೂ ನಡುವೆ ಎರಡು ಮೂರು ವರ್ಷ ಇರುತ್ತಲ್ಲ? ಇಳುವರಿ ಕುಸಿದ, ಕಳೆ ಎದ್ದ, ಮನೆಯವರೇ ಇದೆಲ್ಲ ಬೇಕಿತ್ತಾ ಅಂತ ಕೇಳಿದ ವರ್ಷಗಳು. ಭಾಷಣದಲ್ಲಿ ಅವಕ್ಕೆ ಸಿಗೋದು ಒಂದೇ ವಾಕ್ಯ: ಮೊದಮೊದಲು ಸ್ವಲ್ಪ ಕಷ್ಟ ಆಯ್ತು. ನನಗೆ ಆ ಸ್ವಲ್ಪ ಕಷ್ಟದ ಕಥೆ ಬೇಕು. ಅದನ್ನ ಕೂತು ಕೇಳೋಕೆ, ಕೈಯಾರೆ ಮಾಡಿ ನೋಡೋಕೆ ಸಮಾವೇಶದಲ್ಲಿ ಜಾಗ ಬೇಕು.

ಯಾಕೆ ಇಷ್ಟು ಹಟ ಅಂತ ಹೇಳ್ತೀನಿ. ಒಂದು ಸಮಾವೇಶದಲ್ಲಿ ಮಣ್ಣಿಗೆ ಹೊದಿಕೆ ಹಾಕೋದರ ಬಗ್ಗೆ ತುಂಬ ಚೆನ್ನಾದ ಮಾತು ಕೇಳಿದೆ. ಒಣಹುಲ್ಲು ಹಾಕಿ, ತೇವ ಉಳಿಯುತ್ತೆ, ಮಣ್ಣಿಗೆ ಜೀವ ಬರುತ್ತೆ ಅಂದರು. ಮನೆಗೆ ಬಂದವನೇ ಒಂದು ಮಡಿಗೆ ರಾಶಿ ಒಣಹುಲ್ಲು ಸುರಿದು, ಒಳ್ಳೇದು ಜಾಸ್ತಿ ಆದರೆ ಇನ್ನೂ ಒಳ್ಳೇದು ಅಂದುಕೊಂಡು ಅಗೆದು ಮಣ್ಣಿಗೆ ಬೆರೆಸಿಬಿಟ್ಟೆ. ಮೂರು ವಾರಕ್ಕೆ ಟೊಮೆಟೊ ಸಸಿಗಳ ಕೆಳಗಿನ ಎಲೆ ಹಳದಿಯಾದವು. ಆಮೇಲೆ ಬೆಳವಣಿಗೆಯೇ ನಿಂತಿತು. ಪಕ್ಕದ ಮಡಿಯಲ್ಲಿ ಏನೂ ಹಾಕದ ಗಿಡ ಮೊಣಕಾಲೆತ್ತರ ಬಂದಿತ್ತು. ಸಾವಯವ ನನ್ನ ಕೈಲಿ ಆಗೋದಲ್ಲ ಅಂತ ಆ ವರ್ಷ ಬಿಟ್ಟುಬಿಡೋದರಲ್ಲಿದ್ದೆ.

ಉತ್ತರ ಸಿಕ್ಕಿದ್ದು ಮುಂದಿನ ವರ್ಷ, ಇನ್ನೊಂದು ಸಮಾವೇಶದ ಪಕ್ಕದ ಶೆಡ್ಡಿನಲ್ಲಿ. ಗೊಬ್ಬರ ಮಾಡೋ ಕಾರ್ಯಾಗಾರ, ಇಪ್ಪತ್ತು ಜನ ಇದ್ದೆವು. ಹೇಳಿಕೊಡುತ್ತಿದ್ದ ಅಮ್ಮ ಭಾಷಣ ಮಾಡಲಿಲ್ಲ. ಗುದ್ದಲಿ ತಗೊಂಡು ರಾಶಿಯನ್ನ ನಡುವೆ ಸೀಳಿದರು. ಬಿಸಿ ಹಬೆ ಎದ್ದಿತು, ಜೊತೆಗೆ ಮೂಗಿಗೆ ಬಡಿಯೋ ಘಾಟು. ಘಾಟು ಬಂತಾ? ಹಾಗಾದರೆ ಹಸಿ ಸೊಪ್ಪು ಜಾಸ್ತಿ ಆಗಿದೆ, ಸಾರಜನಕ ಗಾಳಿಗೆ ಹೋಗ್ತಿದೆ, ಒಣ ಎಲೆ ಸೇರಿಸಬೇಕು ಅಂದರು. ಒಂದು ಹಿಡಿ ತೆಗೆದು ನಮ್ಮ ಕೈಗಿಟ್ಟು ಹಿಂಡಿ ಅಂದರು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗಿದರೆ ತೇವ ಸರಿ, ಧಾರೆಯಾಗಿ ಇಳಿದರೆ ಒಳಗೆ ಉಸಿರುಗಟ್ಟುತ್ತೆ. ಇಂಗಾಲ 25ರಿಂದ 30 ಪಾಲಿಗೆ ಸಾರಜನಕ 1 ಪಾಲು ಅನ್ನೋ ಲೆಕ್ಕ ನಾನು ಎಷ್ಟೋ ಸಲ ಓದಿದ್ದೆ. ಅದು ತಲೆಗೆ ಹತ್ತಿದ್ದು ಆ ಘಾಟು ಮೂಗಿಗೆ ಬಡಿದ ಮೇಲೆ.

ಆಗ ಧೈರ್ಯ ಮಾಡಿ ನನ್ನ ಹಳದಿ ಸಸಿಗಳ ಕಥೆ ಹೇಳಿದೆ. ಅವರು, ಅಯ್ಯೋ, ನಾನೂ ಒಂದು ಇಡೀ ಬೆಳೆ ಹಾಗೇ ಕಳಕೊಂಡಿದ್ದೀನಪ್ಪ ಅಂದರು. ಒಣಹುಲ್ಲಲ್ಲಿ ಇಂಗಾಲ ವಿಪರೀತ. ಅದನ್ನ ಮಣ್ಣೊಳಗೆ ಬೆರೆಸಿದರೆ ಕೊಳೆಸೋ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಹಿಡಿದುಕೊಳ್ತವೆ, ಗಿಡ ಉಪವಾಸ ಬೀಳುತ್ತೆ. ಮೇಲೆ ಹಾಸಿದರೆ ಆ ತೊಂದರೆ ಅಷ್ಟಾಗಿ ಇಲ್ಲ. ಹತ್ತು ನಿಮಿಷದ ಮಾತು. ಮೊದಲ ಸಮಾವೇಶದಲ್ಲೇ ಯಾರಾದರೂ ತಾವು ಸೋತ ಕಥೆ ಹೇಳಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು.

ಹೀಗೆ ಕೈಯಾರೆ ನೋಡಿ ಕಲಿಯೋದನ್ನ ಇಂಡೊನೇಷ್ಯಾದಲ್ಲಿ ದೊಡ್ಡ ಮಟ್ಟದಲ್ಲೇ ಮಾಡಿ ತೋರಿಸಿದ್ದಾರೆ. ಕಂದು ಜಿಗಿಹುಳು ಭತ್ತವನ್ನ ಸುಟ್ಟು ಹಾಕುತ್ತಿದ್ದ ಕಾಲ. ಔಷಧಿ ಹೊಡೆದಷ್ಟೂ ಆ ಹುಳುವನ್ನ ತಿನ್ನೋ ಜೇಡಗಳು ಸತ್ತು, ಹುಳು ಹೆಚ್ಚುತ್ತಿತ್ತು. 1986ರಲ್ಲಿ ಸರ್ಕಾರ ಭತ್ತಕ್ಕೆ ಹೊಡೆಯೋ 57 ಕೀಟನಾಶಕಗಳನ್ನ ನಿಷೇಧಿಸಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜೊತೆಗೂಡಿ ರೈತರ ಹೊಲ ಶಾಲೆಗಳನ್ನ ಶುರುಮಾಡಿತು. ಇದು ಪೂರ್ತಿ ಸಾವಯವ ಕಾರ್ಯಕ್ರಮ ಆಗಿರಲಿಲ್ಲ, ನಿಜ. ಆದರೆ ಕಲಿಯೋ ರೀತಿ ನೋಡಿ: ಒಂದು ಶಾಲೆಗೆ ಸುಮಾರು 25 ರೈತರು, ವಾರಕ್ಕೊಮ್ಮೆ, ನಾಟಿಯಿಂದ ಕೊಯ್ಲಿನ ತನಕ. ಗದ್ದೆಗಿಳಿದು ಹುಳು ಎಣಿಸೋದು, ಜೇಡ ಎಣಿಸೋದು, ಕಂಡದ್ದನ್ನ ದೊಡ್ಡ ಹಾಳೆ ಮೇಲೆ ಚಿತ್ರ ಬರೆಯೋದು, ಆಮೇಲೆ ಎಲ್ಲರೂ ಕೂತು ಏನು ಮಾಡೋಣ ಅಂತ ವಾದ ಮಾಡೋದು. ಮೈಕ್ ಹಿಡಿದು ಉಪದೇಶ ಮಾಡೋರು ಅಲ್ಲಿ ಬೇಕಿರಲಿಲ್ಲ.

ಸಮಾವೇಶ ನಡೆಸೋರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಕಾರ್ಯಾಗಾರವನ್ನ ಊಟದ ನಂತರದ ಮಂಪರು ಹೊತ್ತಿಗೆ ತಳ್ಳಬೇಡಿ, ಬೆಳಗ್ಗೆಯೇ ಇಡಿ. ನೂರು ಜನರನ್ನ ತುಂಬಬೇಡಿ; ಎಲ್ಲರ ಕೈಗೂ ಮಣ್ಣು ಹತ್ತಬೇಕು. ಬಾಟಲಿ ಮಾರೋರ ಪ್ರಾತ್ಯಕ್ಷಿಕೆಗೆ ಕಾರ್ಯಾಗಾರ ಅಂತ ಹೆಸರು ಕೊಡಬೇಡಿ. ಇನ್ನು ಕಥೆ ಹೇಳೋರು, ದಯವಿಟ್ಟು ನಿಮ್ಮ ಮಣ್ಣು ಎಂಥದ್ದು, ನೀರು ಎಷ್ಟು, ಎಷ್ಟು ಜನ ದುಡಿದಿರಿ, ಯಾವ ವರ್ಷ ಏನು ಕೈಕೊಟ್ಟಿತು, ಅದನ್ನೂ ಹೇಳಿ. ಅದಿಲ್ಲದೆ ಮರಳು ಭೂಮಿಯವರು ಜೇಡಿಮಣ್ಣಿನವರ ಲೆಕ್ಕ ಹಿಡಿದು ಮನೆಗೆ ಹೋಗ್ತಾರೆ.

ನಾನು ಮುಂದಿನ ಸಲ ಎರಡು ಹೆಂಟೆ ತರ್ತೀನಿ, ಎರಡು ಗಾಜಿನ ಲೋಟ ತರ್ತೀನಿ. ಒಂದು ಹೆಂಟೆ ಆ ಟೊಮೆಟೊ ಸೊರಗಿದ ಮಡಿಯದ್ದು, ಈಗ ಅದಕ್ಕೆ ನಾಲ್ಕು ವರ್ಷದಿಂದ ಮೇಲಷ್ಟೇ ಹೊದಿಕೆ. ಇನ್ನೊಂದು, ನಾನು ಏನೂ ಮಾಡದೆ ಬಿಟ್ಟ ಮೂಲೆಯ ಬರಡು ನೆಲದ್ದು. ಎರಡನ್ನೂ ಒಣಗಿಸಿ ನೀರಿಗೆ ಬಿಟ್ಟರೆ, ಬರಡು ನೆಲದ ಹೆಂಟೆ ಅರೆಗಳಿಗೆಯಲ್ಲಿ ಕರಗಿ ಲೋಟದ ತಳದಲ್ಲಿ ಕೆಸರಾಗುತ್ತೆ. ಹೊದಿಕೆಯದ್ದು ಹಾಗೇ ನಿಂತಿರುತ್ತೆ, ನೀರೂ ತಿಳಿಯಾಗಿರುತ್ತೆ. ನೀವೂ ನಿಮ್ಮ ಹೊಲದ ಹೆಂಟೆ ತನ್ನಿ. ಹಳದಿ ಸಸಿಗಳ ಕಥೆ ನಾನು ಮೊದಲು ಹೇಳ್ತೀನಿ.