ಕಾರ್ಡ್ ಕೊಳ್ಳುವ ಮೊದಲು ಡಬ್ಬಿ ಬಿಚ್ಚಿ

ಕೇಳುಗರಿಗೆಲ್ಲ ನಮಸ್ಕಾರ.

ಗೇಮ್ ಆಡುವ ಮಕ್ಕಳಿರುವ ಮನೆಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. "ಗ್ರಾಫಿಕ್ಸ್ ಕಾರ್ಡ್ ಹಳೇದಾಯ್ತು, ಹೊಸದು ಕೊಡ್ಸಿ." ಗೇಮ್‌ನ ಚಿತ್ರಗಳನ್ನು ಪರದೆಗೆ ಬಿಡಿಸಿಕೊಡುವ ಭಾಗ ಅದು. ಅವರು ಹೇಳುವುದು ಸುಳ್ಳಲ್ಲ. 2016ರಲ್ಲಿ ಬಂದ ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1050 ಟಿಐ ಕಾರ್ಡ್ ಇನ್ನೂ ಎಷ್ಟೋ ಕಂಪ್ಯೂಟರ್‌ಗಳಲ್ಲಿ ದುಡಿಯುತ್ತಿದೆ. ಆದರೆ 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್‌ಗಾಗಲಿ, 2025ರ ಹೊಸ ಡೂಮ್‌ಗಾಗಲಿ ರೇ ಟ್ರೇಸಿಂಗ್ ಮಾಡಬಲ್ಲ ಕಾರ್ಡ್ ಇರಲೇಬೇಕು. ಅಂದರೆ ಬೆಳಕಿನ ಕಿರಣ ಹೇಗೆ ಓಡುತ್ತದೆ ಅಂತ ಲೆಕ್ಕ ಹಾಕಿ ಚಿತ್ರ ಬಿಡಿಸುವ ಕೆಲಸ. ಈ ಹಳೆಯ ಕಾರ್ಡ್‌ಗೆ ಅದು ಬರುವುದಿಲ್ಲ.

ಹಾಗಂತ ನೇರ ಅಂಗಡಿಗೆ ಹೋಗಿ "ಯಾವುದು ಚೆನ್ನಾಗಿದೆ ಕೊಡಿ" ಅನ್ನಬೇಡಿ. ಯಾವ ಕಾರ್ಡ್ ಬೇಕು ಅನ್ನುವುದಕ್ಕೆ ಮುಕ್ಕಾಲು ಪಾಲು ಉತ್ತರ ನಿಮ್ಮ ಮನೆಯ ಕಂಪ್ಯೂಟರ್ ಒಳಗೇ ಇರುತ್ತದೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಗೇಮ್ ಆಡುತ್ತಾ ಇರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡ್‌ನ ಚಿಪ್, ಅದರ ಬಳಕೆ 95 ಶೇಕಡಾ ದಾಟಿ ಅಲ್ಲೇ ನಿಂತಿದ್ದರೆ, ಕಾರ್ಡ್ ಸುಸ್ತಾಗಿದೆ, ಬದಲಾಯಿಸಿದರೆ ಪ್ರಯೋಜನ ಇದೆ. ಗೇಮ್ ತಡವರಿಸುತ್ತಿದ್ದರೂ ಜಿಪಿಯು 50, 60ರಲ್ಲೇ ಓಡಾಡುತ್ತಿದ್ದರೆ ತೊಂದರೆ ಬೇರೆ ಕಡೆ ಇದೆ. ಪ್ರೊಸೆಸರ್ ಇರಬಹುದು, ರ್‍ಯಾಮ್ ಇರಬಹುದು. ಒಂದೇ ರ್‍ಯಾಮ್ ಪಟ್ಟಿ ಇದ್ದಲ್ಲಿಗೆ ಅಂಥದ್ದೇ ಇನ್ನೊಂದು ಸೇರಿಸಿದರೆ ಎಷ್ಟೋ ಗೇಮ್‌ಗಳ ತಡವರಿಕೆ ಕಡಿಮೆಯಾಗುತ್ತದೆ. ಅಂಥ ಕಡೆ ಹೊಸ ಕಾರ್ಡ್ ತಂದರೆ ದುಡ್ಡು ಸುಮ್ನೆ ಹೋದಂತೆ.

ಇನ್ನು ಕಂಪ್ಯೂಟರ್‌ನ ಡಬ್ಬಿ ಬಿಚ್ಚಿ. ಕರೆಂಟ್ ತೆಗೆದು ಪಕ್ಕದ ಮುಚ್ಚಳ ಸರಿಸಿ, ಪವರ್ ಸಪ್ಲೈ, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ, ಅದರ ಮೇಲಿನ ಚೀಟಿ ಓದಿ. ಜನ ನೋಡದೇ ಬಿಡುವುದು ಇದನ್ನೇ. ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿರಬಹುದು. ನೀವು ಹುಡುಕಬೇಕಾದ್ದು 12 ವೋಲ್ಟ್ ಸಾಲು. ಅಲ್ಲಿ 16 ಆಂಪಿಯರ್ ಅಂತಿದ್ದರೆ, 12ನ್ನು 16ರಿಂದ ಗುಣಿಸಿ. 192 ವ್ಯಾಟ್ ಬಂತು. ಪ್ರೊಸೆಸರ್, ಕಾರ್ಡ್ ಎರಡೂ ಮುಖ್ಯವಾಗಿ ಬದುಕುವುದು ಈ ಸಾಲಿನ ಮೇಲೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಸಪ್ಲೈಗಳ ಲೆಕ್ಕ ಹೀಗೇ ಇರುತ್ತದೆ. ಅಂಥದ್ದರ ಮೇಲೆ ದೊಡ್ಡ ಕಾರ್ಡ್ ಹೇರಿದರೆ ಗೇಮ್ ನಡುವೆ ಕಂಪ್ಯೂಟರ್ ಫಟ್ ಅಂತ ಆಫ್ ಆಗುತ್ತದೆ. ಒಳ್ಳೆಯ ಸಪ್ಲೈಗೆ ಸ್ವಲ್ಪ ದುಡ್ಡು ಎತ್ತಿಟ್ಟು, ಉಳಿದದ್ದರಲ್ಲಿ ಕಾರ್ಡ್ ನೋಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮದರ್‌ಬೋರ್ಡ್‌ನ ಸ್ಲಾಟ್ ಒಂದು ಕಾರ್ಡ್‌ಗೆ 75 ವ್ಯಾಟ್‌ವರೆಗೆ ಕೊಡಬಲ್ಲದು. ಅದಕ್ಕಿಂತ ಜಾಸ್ತಿ ಬೇಕಾದರೆ ಸಪ್ಲೈನಿಂದ ಬೇರೆ ಕೇಬಲ್ ಬರಬೇಕು. ಎಂಟು ಪಿನ್ನಿನ ಆ ಕೇಬಲ್ ನಿಮ್ಮಲ್ಲಿ ಇದೆಯೇ? ಇದ್ದರೆ ದಾರಿ ಅಗಲ. ಎಎಂಡಿಯ ಆರ್‌ಎಕ್ಸ್ 6600 ಅಂಥ ಕಡೆ ನಾನು ಮೊದಲು ಹೇಳುವ ಹೆಸರು. 2021ರ ಕಾರ್ಡ್, 8 ಜಿಬಿ ಮೆಮೊರಿ, 132 ವ್ಯಾಟ್, 450 ವ್ಯಾಟ್‌ನ ಒಳ್ಳೆಯ ಸಪ್ಲೈ ಸಾಕು. ಆಗಲೇ ಹೇಳಿದ ಎರಡೂ ಗೇಮ್‌ಗಳು ಎಎಂಡಿ ಕಾರ್ಡ್‌ಗಳಲ್ಲಿ ಕನಿಷ್ಠ ಅಂತ ಕೇಳುವುದೂ ಇದನ್ನೇ. ಸಾಮಾನ್ಯ 1080ಪಿ, ಅಂದರೆ ಫುಲ್ ಎಚ್‌ಡಿ ಮಾನಿಟರ್‌ಗೆ ಇದು ಧಾರಾಳ.

ಕೇಬಲ್ ಇಲ್ಲದವರೂ ಬಹಳ ಜನ ಇದ್ದಾರೆ. ಕಚೇರಿಗಳಿಂದ ಹೊರಬಂದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರು ಇವರು. ಅವುಗಳ ಸಪ್ಲೈ ಚಿಕ್ಕದು, ಆಕಾರವೂ ಬೇರೆ, ಬದಲಾಯಿಸುವುದು ಕಷ್ಟ. ಇವರಿಗೆ 2024ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಇದೆ. 70 ವ್ಯಾಟ್ ಸಾಕು, ಬೇರೆ ಕೇಬಲ್ ಬೇಡ. ಸಣ್ಣ ಡಬ್ಬಿಗೆ ಹೊಂದುವ ಗಿಡ್ಡ ಕಾರ್ಡ್ ಕೂಡ ಸಿಗುತ್ತದೆ. ಆದರೆ ಇದೇ ಹೆಸರಿನ 8 ಜಿಬಿ ಕಾರ್ಡ್‌ಗೆ ಇದನ್ನು ಹೋಲಿಸಬೇಡಿ. ಹೆಸರು ಒಂದೇ, ಒಳಗೆ ಲೆಕ್ಕ ಮಾಡುವ ಸಣ್ಣ ಘಟಕಗಳು, ಅಂದರೆ ಕೋರ್‌ಗಳು, ಇದರದ್ದು 2304, ಅದರದ್ದು 2560. ಮೆಮೊರಿಯ ದಾರಿಯೂ ಇದರಲ್ಲಿ ಕಿರಿದು.

ಇಂಟೆಲ್‌ನ ಆರ್ಕ್ ಬಿ580 12 ಜಿಬಿ ಮೆಮೊರಿ ಕೊಡುತ್ತದೆ, ಆ ದರ್ಜೆಗೆ ದೊಡ್ಡದೇ. ಆದರೆ ಕಾರ್ಡ್‌ನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಅನ್ನುವ ಸೌಲಭ್ಯ ಇಲ್ಲದ ಹಳೆಯ ಮದರ್‌ಬೋರ್ಡ್‌ನಲ್ಲಿ ಅದು ಸೊರಗುತ್ತದೆ. ಹೊಸ ಕಂಪ್ಯೂಟರ್ ಇದ್ದವರು ಮಾತ್ರ ಅದನ್ನು ನೋಡಿ. ಆರ್‌ಎಕ್ಸ್ 6500 ಎಕ್ಸ್‌ಟಿ ಎಷ್ಟೇ ಅಗ್ಗಕ್ಕೆ ಬಂದರೂ ಹಳೆಯ ಬೋರ್ಡ್‌ಗೆ ಬೇಡ. ಮದರ್‌ಬೋರ್ಡ್ ಜೊತೆ ಮಾಹಿತಿ ಸಾಗಿಸಲು ಅದಕ್ಕೆ ಇರುವುದು ನಾಲ್ಕೇ ಲೇನ್, ಅಂದರೆ ನಾಲ್ಕೇ ದಾರಿ, ಜೊತೆಗೆ 4 ಜಿಬಿ ಮೆಮೊರಿ. ಹಳೆಯ ಬೋರ್ಡ್‌ಗಳಲ್ಲಿರುವ ಪಿಸಿಐ ಎಕ್ಸ್‌ಪ್ರೆಸ್ 3 ಸ್ಲಾಟ್‌ನಲ್ಲಿ ವೇಗ ಇನ್ನೂ ಕುಸಿಯುತ್ತದೆ.

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡ್‌ಗೆ ಹೋದರೆ ಹಳೆಯ ಕಾರ್ಡ್‌ಗಳೂ ಸಿಗುತ್ತವೆ. ತಗೊಳ್ಳಬಾರದು ಅಂತ ನಾನು ಹೇಳುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್, ಅಂದರೆ ಕಾರ್ಡ್‌ಗಳನ್ನು ದುಡಿಸಿ ಆ ಡಿಜಿಟಲ್ ಹಣ ಗಳಿಸುವ ಕೆಲಸ, ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದವು. ಆದ್ದರಿಂದ ಅಂಗಡಿಯಲ್ಲೇ ಹಾಕಿಸಿ, ಕಾಲು ಗಂಟೆ ಒಂದು ಭಾರಿ ಗೇಮ್ ಓಡಿಸಿ. ಫ್ಯಾನ್ ಕರಕರ ಅನ್ನುತ್ತದೆಯಾ ಕೇಳಿ. ಪರದೆ ಮೇಲೆ ಚುಕ್ಕೆ, ಗೀರು ಬರುತ್ತವೆಯಾ ನೋಡಿ. ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆದು ಶೇಡರ್ ಸಂಖ್ಯೆ, ಅಂದರೆ ಕೋರ್‌ಗಳ ಎಣಿಕೆ, ಓದಿ. ಆರ್‌ಎಕ್ಸ್ 580 ಅಂತ ಕೊಟ್ಟ ಕಾರ್ಡ್ 2304ರ ಬದಲು 2048 ತೋರಿಸಿದರೆ, ಅದು ಹೆಚ್ಚುಕಡಿಮೆ ಅದಕ್ಕಿಂತ ಕೆಳಗಿನ ಆರ್‌ಎಕ್ಸ್ 570ರ ಶಕ್ತಿಯದ್ದು. ಬೆಲೆಯನ್ನೂ ಅದಕ್ಕೆ ತಕ್ಕಂತೆ ಕೇಳಿ.

ಹೊಸದಾದರೆ ಬಿಲ್ ತಗೊಳ್ಳಿ. ಬಿಲ್ ಬೇಡ ಅಂದರೆ ಕಮ್ಮಿ ಮಾಡ್ತೀನಿ ಅಂತ ಅಂಗಡಿಯವರು ಅಂದರೂ ಒಪ್ಪಬೇಡಿ. 18 ಶೇಕಡಾ ಜಿಎಸ್‌ಟಿ ಉಳಿಸಲು ಹೋದರೆ, ಹೆಚ್ಚಿನ ಕಂಪನಿಗಳು ಕೊಡುವ ಮೂರು ವರ್ಷದ ವಾರಂಟಿ ಕೇಳುವಾಗ ಕೈಯಲ್ಲಿ ಕಾಗದವೇ ಇರುವುದಿಲ್ಲ. ಕಾರ್ಡ್‌ನ ಉದ್ದವನ್ನೂ ಮಿಲಿಮೀಟರ್‌ನಲ್ಲಿ ಕೇಳಿಕೊಳ್ಳಿ, ಮನೆಯ ಡಬ್ಬಿಯನ್ನು ಟೇಪ್ ಹಿಡಿದು ಅಳೆದುಕೊಂಡೇ ಹೋಗಿ.

ಕಾರ್ಡ್ ಕೂರಿಸಿದ ಮೇಲೆ ಮಾನಿಟರ್ ಕೇಬಲ್ಲನ್ನು ಹೊಸ ಕಾರ್ಡ್‌ನ ಕಿಂಡಿಗೇ ಸಿಕ್ಕಿಸಿ. ಮದರ್‌ಬೋರ್ಡ್‌ನ ಹಳೆಯ ಕಿಂಡಿಯಲ್ಲೇ ಬಿಟ್ಟರೆ, ಒಂದೋ ಪರದೆ ಕಪ್ಪಾಗಿರುತ್ತದೆ, ಇಲ್ಲವೇ ಗೇಮ್ ಮೊದಲಿನಷ್ಟೇ ನಿಧಾನ ಓಡುತ್ತದೆ. ಕಾರ್ಡ್ ಕೆಟ್ಟಿದೆ ಅಂತ ಅಂಗಡಿಗೆ ಓಡುವ ಮುಂಚೆ ಅದನ್ನೊಂದು ಸಲ ನೋಡಿಬಿಡಿ. ನಮಸ್ಕಾರ.