ವೈನ್ ಮೇಳಕ್ಕೆ ಹೋಗ್ತಿದ್ದೀರಾ? ಸ್ವೀಟ್ ವೈನ್ ಕೌಂಟರ್‌ಗೆ ಮೊದಲೇ ನುಗ್ಗಬೇಡಿ

(ಕ್ಯಾಮೆರಾ ಮುಂದೆ ಒಂದು ಗೊಂಚಲು ಕಪ್ಪು ದ್ರಾಕ್ಷಿ)

ನಮಸ್ಕಾರ ಎಲ್ಲರಿಗೂ. ಈ ದ್ರಾಕ್ಷಿನ ಬೆಂಗಳೂರು ಕಡೆಯವರಿಗೆ ಪರಿಚಯ ಮಾಡ್ಸೋದೇ ಬೇಡ, ಎರಡು ಬೆರಳಲ್ಲಿ ಹಿಡ್ದು ಹಿಸುಕಿದ್ರೆ ಒಳಗಿನ ತಿರುಳು ಪುಸಕ್ ಅಂತ ಬಾಯಿಗೆ ಹಾರತ್ತೆ, ಸಿಪ್ಪೆ ಕೈಯಲ್ಲೇ ಉಳಿಯತ್ತೆ. ಇದೇ ಬೆಂಗಳೂರು ಬ್ಲೂ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯತ್ತೆ, ಈ ಪ್ರದೇಶದ್ದೇ ಬೆಳೆ ಅನ್ನೋ ಜಿಐ ಟ್ಯಾಗ್ ಕೂಡ ಇದೆ.

ಇವತ್ತು ಇದ್ರಿಂದ ಶುರು ಮಾಡೋಕೆ ಕಾರಣ ಇದೆ, ವೈನ್ ರುಚಿಯ ಗುಟ್ಟು ಸಿಪ್ಪೇಲೇ ಇದೆ, ಆಮೇಲೆ ತೋರಿಸ್ತೀನಿ. ನಾನು ಮೊದಲ್ನೇ ಸಲ ವೈನ್ ಮೇಳಕ್ಕೆ ಹೋದಾಗ ಎಲ್ಲಿ ಕ್ಯೂ ಉದ್ದ ಇದ್ಯೋ ಅಲ್ಲೇ ಹೋಗಿ ನಿಂತೆ, ಅದು ಸ್ವೀಟ್ ವೈನ್ ಸ್ಟಾಲು. ಚಿಕ್ಕ ಪ್ಲಾಸ್ಟಿಕ್ ಕಪ್ಪಲ್ಲಿ ಕೊಟ್ರು, ಥೇಟ್ ಗ್ರೇಪ್ ಜ್ಯೂಸ್ ವಾಸನೆ, ಇನ್ನೊಂದು ಕಪ್ ಹಾಕಿಸ್ಕೊಂಡೆ. ಆಮೇಲೆ ಪಕ್ಕದ ಸ್ಟಾಲಲ್ಲಿ ಡ್ರೈ ರೆಡ್, ಅಂದ್ರೆ ಸಿಹಿ ಇಲ್ಲದ ಕೆಂಪು ವೈನ್, ಬಾಯಿಗಿಟ್ರೆ ಅಯ್ಯೋ ದೇವ್ರೇ, ಕಷಾಯ! ಜಾಮೂನು ತಿಂದು ಕಾಫಿ ಕುಡಿದಂಗೆ, ನಾಲಿಗೆ ಮೊದ್ಲೇ ಸಕ್ಕರೆಗೆ ಒಗ್ಗಿಬಿಟ್ಟಿತ್ತು. ಹಂಗಾಗಿ ಡ್ರೈ ವೈಟ್, ಆಮೇಲೆ ರೆಡ್, ಸ್ವೀಟು ಕೊನೇಲಿ, ಈ ಆರ್ಡರ್ ತಪ್ಪಿಸ್ಬೇಡಿ.

ಅಲ್ಲಿ ನನ್ನ ಪಕ್ಕದಲ್ಲಿ ಪಂಚೆ ಉಟ್ಟಿದ್ದ ಒಬ್ರು ಹಿರಿಯರು ಅದೇ ರೆಡ್ ಕುಡಿದು ಮುಖ ಕಿವುಚಿ "ಇದೇನ್ ಸಾಮಿ, ನೇರಳೆ ಹಣ್ಣು ತಿಂದಂಗೆ ನಾಲಿಗೆ ಹಿಡ್ಕಂತೈತೆ, ಬರೀ ಒಗರು" ಅಂದ್ರು. ಸ್ಟಾಲ್ ಹುಡುಗ ಅದಕ್ಕೆ ಮುಂಚೆ ಐದು ನಿಮಿಷ ಟ್ಯಾನಿನ್, ಬಾಡಿ, ಸ್ಟ್ರಕ್ಚರ್ ಅಂತ ಕೊರೆದಿದ್ದ, ನನಗೆ ಒಂದಕ್ಷರ ಹತ್ತಿರಲಿಲ್ಲ. ಟ್ಯಾನಿನ್ ಅಂದ್ರೆ ಒಗರು, ಅಷ್ಟೇ ಕಣ್ರೀ! ಹಸಿ ಅಡಿಕೆ, ಬಾಳೆಕಾಯಿ, ನೇರಳೆ, ಎಲ್ಲದ್ರಲ್ಲೂ ನಮಗೆ ಗೊತ್ತಿರೋ ರುಚಿ.

(ದ್ರಾಕ್ಷಿ ಸಿಪ್ಪೆ ಕ್ಲೋಸಪ್)

ಈ ಒಗರು ಬರೋದು ಮುಖ್ಯವಾಗಿ ಸಿಪ್ಪೆ ಮತ್ತೆ ಬೀಜದಿಂದ. ಒಳಗಿನ ತಿರುಳು ನೋಡಿ, ಬಣ್ಣನೇ ಇಲ್ಲ. ಕಪ್ಪು ದ್ರಾಕ್ಷಿ ರಸನ ಸಿಪ್ಪೆ ಜೊತೆಗೇ ಹುದುಗಿಗೆ ಬಿಟ್ರೆ ಬಣ್ಣನೂ ಒಗರೂ ಇಳಿದು ರೆಡ್ ವೈನ್ ಆಗತ್ತೆ, ವೈಟ್‌ಗಾದ್ರೆ ಮೊದ್ಲೇ ಹಿಂಡಿ ಸಿಪ್ಪೆ ತೆಗೆದುಬಿಡ್ತಾರೆ. ಹಣ್ಣಿನ ಸಕ್ಕರೆನ ಈಸ್ಟ್ ತಿಂದು ಆಲ್ಕೋಹಾಲ್ ಮಾಡತ್ತೆ, ಪೂರ್ತಿ ತಿಂದು ಮುಗಿಸಿದ್ರೆ ಡ್ರೈ, ಸಕ್ಕರೆ ಉಳಿದ್ರೆ ಸ್ವೀಟ್. ಕ್ಯಾಬರ್ನೆ, ಶಿರಾಜ್ ಅನ್ನೋ ವೈನ್ ದ್ರಾಕ್ಷಿಗಳೆಲ್ಲಾ ಯುರೋಪಿನ ವಿನಿಫೆರಾ ಜಾತಿ. ನಮ್ಮ ಬೆಂಗಳೂರು ಬ್ಲೂ ಅಮೆರಿಕ ಮೂಲದ ಲ್ಯಾಬ್ರಸ್ಕಾ ಕಡೆಯದು, ಅದರ ಗಮ್ಮನ್ನೋ ವಾಸನೆ ಆ ಜಾತಿದೇ ಗುಣ. ವೈನ್ ಪಂಡಿತರು ಮೂಗು ಮುರೀತಾರೆ, ಮುರ್ಕೊಳ್ಲಿ ಬಿಡಿ, ಆ ವಾಸನೆಗೆ ನಮ್ಮಜ್ಜಿ ಮನೆ ನೆನಪಾಗತ್ತೆ.

ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ಅನ್ನೋ ವೈನ್ ಕಂಪನಿಯವರು ಶುರು ಮಾಡಿದ್ದು 1988ರಲ್ಲಿ, ಸರ್ಕಾರ ವೈನ್ ನೀತಿ ತಂದಿದ್ದು 2007ರಲ್ಲಿ. ಈಗ ವಿಜಯಪುರ, ಹಂಪಿ ಕಡೆ ಬೆಳೆದ ದ್ರಾಕ್ಷಿಯ ವೈನೂ ಸಿಗತ್ತೆ.

ಇನ್ನೊಂದು ಮಜಾ ವಿಷ್ಯ. ಫ್ರಾನ್ಸಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗಿಬಿಡತ್ತೆ, ಕೊಯ್ಲು ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ. ನಮ್ಮಲ್ಲಿ ಬಳ್ಳಿಗೆ ನಿದ್ದೆನೇ ಇಲ್ಲ, ಅದಕ್ಕೆ ರೈತರು ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸಿ ಸವರ್ತಾರೆ, ವಿಜಯಪುರ ಕಡೆ ಚಾಟ್ನಿ ಅಂತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸೋಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಮಳೆಗಾಲದಲ್ಲಿ ಹಣ್ಣಾದ್ರೆ ಕೊಳೆತು ಹೋಗತ್ತಲ್ಲ, ಅದಕ್ಕೇ ಫೆಬ್ರವರಿ-ಮಾರ್ಚಿಗೆ ಕೊಯ್ಲು ಬರೋ ಹಾಗೆ ಲೆಕ್ಕ ಹಾಕ್ತಾರೆ. ನಾಸಿಕ್‌ನ ಸುಲಾಫೆಸ್ಟ್ ಅನ್ನೋ ವೈನ್ ಹಬ್ಬ ಫೆಬ್ರವರಿ ಆಸುಪಾಸಲ್ಲಿ ನಡೆಯೋದೂ ಕೊಯ್ಲಿನ ಟೈಮಲ್ಲೇ.

(ತಿಂಡಿ ತಟ್ಟೆ)

ಸರಿ, ಊಟಕ್ಕೆ ಬರೋಣ, ನನಗೆ ಅಸಲಿ ಇಂಟರೆಸ್ಟ್ ಇಲ್ಲೇ. ಮೆಣಸಿನಕಾಯಿ ಬಜ್ಜಿ ಜೊತೆ ಡ್ರೈ ರೆಡ್ ಬೇಡ್ವೇ ಬೇಡ, ಖಾರ ಮತ್ತೆ ಆಲ್ಕೋಹಾಲ್ ಸೇರಿ ಬಾಯಿ ಉರಿ ಡಬಲ್, ಜೊತೆಗೆ ಒಗರು ಬೇರೆ. ತಣ್ಣಗಿರೋ, ಸ್ವಲ್ಪ ಸಿಹಿ ಇರೋ ಶೆನಿನ್ ಬ್ಲಾಂ ಅನ್ನೋ ವೈಟ್ ವೈನ್ ತಗೊಳ್ಳಿ, ಖಾರ ತಣ್ಣಗಾಗತ್ತೆ. ರೆಡ್ ಇಟ್ಕೊಳ್ಳಿ ಕೊಬ್ಬಿರೋ ಮಟನ್ ಚಾಪ್ಸ್‌ಗೆ, ಹಂದಿ ಫ್ರೈಗೆ. ಒಗರು ನಮ್ಮ ಎಂಜಲಿನ ಪ್ರೋಟೀನ್ ಹಿಡ್ಕೊಳ್ಳೋದ್ರಿಂದ ಬಾಯಿ ಒಣಗಿದಂಗಾಗೋದು, ಮಾಂಸ ಇದ್ರೆ ಅದು ಮಾಂಸದ ಜೊತೆ ಅಂಟ್ಕೊಳತ್ತೆ, ಬಾಯಿಗೆ ಮೆತ್ತಗೆ ಅನ್ಸತ್ತೆ. ಆ ಮೇಳದಲ್ಲಿ ನಾನು ಕಷಾಯ ಅಂದಿದ್ದ ಅದೇ ವೈನ್‌ನ ಅರ್ಧ ಗಂಟೆ ಬಿಟ್ಟು, ನೀರು ಕುಡಿದು, ಚಾಪ್ಸ್ ಜೊತೆ ಮತ್ತೆ ಕುಡಿದೆ, ಬೇರೇನೇ ವೈನ್ ಅನ್ಸ್ತು. ವೆಜ್‌ನವರು ಪನೀರ್ ಜೊತೆ ಟ್ರೈ ಮಾಡಿ.

ಖಾಲಿ ಹೊಟ್ಟೇಲಿ ಹೋಗ್ಬೇಡಿ, ಗುಟುಕು ಗುಟುಕೇ ಆದ್ರೂ ಸಾಮಾನ್ಯವಾಗಿ 12ರಿಂದ 14 ಪರ್ಸೆಂಟ್ ಆಲ್ಕೋಹಾಲು, ಹತ್ತು ಸ್ಟಾಲ್ ಸುತ್ತಿದ್ರೆ ತಲೆ ಗಿರ್ ಅನ್ನತ್ತೆ. ಆಟೋನೋ ಮೆಟ್ರೋನೋ ನೋಡ್ಕೊಳ್ಳಿ. ಬಾಟ್ಲಿ ತಗೊಂಡ್ರೆ ಬಿಸ್ಲಲ್ಲಿ ನಿಂತಿರೋ ಕಾರ್ ಡಿಕ್ಕಿಗೆ ಹಾಕ್ಬೇಡಿ, ನನ್ನ ಎರಡು ಬಾಟ್ಲಿ ಹಂಗೇ ಹಾಳಾಗಿದ್ದು, ವಾರ ಬಿಟ್ಟು ತೆಗೆದ್ರೆ ಒಂದರ ಕಾರ್ಕ್ ಮೇಲೆದ್ದು ಲೇಬಲ್ಲೆಲ್ಲ ಅಂಟಂಟು, ಇನ್ನೊಂದು ಬೇಯಿಸಿದ ಜಾಮ್ ವಾಸನೆ.