ಒಂದ್ ರೂಪಾಯಿಗೆ ಒಳಗ ಬಂದ್ರಿ, ಹೊರಗ ಹೋಗೂದು ಎಲ್ಲಿಂದ?

ನಮಸ್ಕಾರ್ರಿ.

ವಿಜಯಪುರದಾಗ ಪಿಎಸ್‌ಐ, ಎಫ್‌ಡಿಎ ಪರೀಕ್ಷಾಕ್ಕ ಓದಾಕ ಬಂದಿರೋ ಹುಡುಗ್ರಿಗೆ ಖಾನಾವಳಿ ಲೆಕ್ಕಾ ಬರೋಬರಿ ಗೊತ್ತಿರತೈತಿ. ತಿಂಗಳ ರೊಕ್ಕಾ ಮೊದಲ ಕೊಡೂದು, ಎರಡ್ಹೊತ್ತು ರೊಟ್ಟಿ ಪಲ್ಯಾ ಉಣ್ಣೂದು. ಊರಿಗೆ ಹೊಂಟ್ರ, "ಅಕ್ಕಾರ, ನಾಕ ದಿನಾ ಇರಂಗಿಲ್ರಿ" ಅಂತ ಹೇಳಿದ್ರ ಸಾಕು. ಆ ನಾಕ ದಿನದ ಊಟ ಲೆಕ್ಕದಾಗ ಮುಂದ ಸರೀತಾವು. ಪೂರಾ ಬಿಡಬೇಕಂದ್ರ ಬಾಗಲದಾಗ ನಿಂತು "ನಾಳಿಂದ ಬರಂಗಿಲ್ರಿ" ಅಂದ್ರ ಮುಗೀತು. ಇದೂ ಸಬ್‌ಸ್ಕ್ರಿಪ್ಷನ್ನ ರೀ. ಆ ಹೆಸರ ಇಟ್ಟಿರಲಿಲ್ಲ, ಅಷ್ಟ.

ಈಗ ಅದ ಹುಡುಗನ ಮೊಬೈಲ್ ತಗದು ನೋಡ್ರಿ. ಎರಡೆರಡು ನಿಮಿಷದ ಧಾರಾವಾಹಿ ತೋರ್ಸೋ ಆ್ಯಪ್ ಒಂದು, ಜಾತಕ ಹೇಳೋದೊಂದು, ಇಂಗ್ಲಿಷ್ ಕಲಸೋದೊಂದು, ಫೋಟೊ ತಗದು ಪಿಡಿಎಫ್ ಮಾಡೋದೊಂದು. ಎಲ್ಲಾ ಬಾಗಲಿಗೂ ಅದ ಬೋರ್ಡು: "ಬರೇ 1 ರೂಪಾಯಿ, 7 ದಿನ." ಬೋರ್ಡು ಅಚ್ಚ ಕನ್ನಡದಾಗ ಇರತೈತಿ. ಬೆಳಗಾವಿಯಾಗ ಕುಂತು ಮರಾಠಿ ಆರಿಸ್ಕೊಂಡ್ರ ಮರಾಠಿಯಾಗೂ ಬರತೈತಿ, ಅಷ್ಟು ಕಾಳಜಿ. ಕೆಳಗ ಬೂದಿ ಬಣ್ಣದಾಗ, ಇರಿವಿ ಸಾಲಿನಂಗ, ಇಂಗ್ಲಿಷ್‌ನಾಗ ಇನ್ನೊಂದು ಸಾಲ ಇರತೈತಿ: ಏಳ ದಿನದ ನಂತರ ಇಷ್ಟಿಷ್ಟು ರೂಪಾಯಿ, ನೀವು ಬ್ಯಾಡ ಅನ್ನೂತನಕಾ. ಮಾರೂದು ಕನ್ನಡದಾಗ, ಷರತ್ತು ಇಂಗ್ಲಿಷ್‌ನಾಗ!

ಆ ಒಂದ್ ರೂಪಾಯಿ ತಗೊಂಡು ಕಂಪನಿ ಏನ ಮಾಡತೈತಿ? ಏನೂ ಇಲ್ಲ. ಅದಕ್ಕ ಬೇಕಾಗಿದ್ದು ನೀವು ಯುಪಿಐ ಪಿನ್ ಒತ್ತೂದು, ಅದೂ ಒಂದ ಸಲ. ಹೆಂಗ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಎಲ್ಲಾ ಆಟ ಇಲ್ಲೇ ಐತಿ.

2020ರ ಜುಲೈದಾಗ ಯುಪಿಐ ನಡಸೋ ಸಂಸ್ಥೆ ಎನ್‌ಪಿಸಿಐ ಯುಪಿಐ ಆಟೋಪೇ ಅಂತ ಶುರು ಮಾಡಿತು. ಲೈಟ್ ಬಿಲ್ಲು, ವಿಮಾ ಕಂತು, ಮ್ಯೂಚುವಲ್ ಫಂಡ್ ಇಂಥಾವಕ್ಕ ಪ್ರತಿ ತಿಂಗಳ ಪಿನ್ ಒತ್ತೋ ತ್ರಾಸ ಬ್ಯಾಡ ಅಂತ. ಮೊದಲ ಸಲ ಪಿನ್ ಹಾಕಿ ಒಪ್ಪಿಗಿ ಕೊಡ್ತೀರಿ, ಅದಕ್ಕ ಮ್ಯಾಂಡೇಟ್ ಅಂತಾರ. ಆಮ್ಯಾಲ ರೊಕ್ಕಾ ತಾನಾಗೇ ಹೋಗತೈತಿ. ಒಂದ ಸಲಕ್ಕ 15,000 ರೂಪಾಯಿತನಕಾ ಮತ್ತ ಪಿನ್ ಕೇಳಂಗಿಲ್ಲ. ಮೊದಲ ಈ ಮಿತಿ 5,000 ಇತ್ತು, 2022ರ ಜೂನ್‌ದಾಗ ರಿಸರ್ವ್ ಬ್ಯಾಂಕ್ ಏರಿಸಿತು. ವ್ಯವಸ್ಥಾ ಕೆಟ್ಟದಲ್ರಿ. ವಿಮಾ ಕಂತು ತಪ್ಪದಂಗ ಕಟ್ಟಾವ್ರಿಗೆ ಭಾಳ ಛಲೋ. ಆದ್ರ ವಿಮಾಕ್ಕ ಅಂತ ಕಟ್ಟಿದ ಹಾದಿಯಾಗ ಜಾತಕದ ಆ್ಯಪೂ ಗಾಡಿ ಹೊಡಕೊಂಡು ಬಂತು.

ಪಿನ್ ಹಾಕೂಕಿಂತ ಮೊದಲ ಒಂದು ಪರದೆ ಬರತೈತಿ. ಎರಡ ಸೆಕೆಂಡಿನ್ಯಾಗ ಎಲ್ರೂ ದಾಟಿ ಹೋಗ್ತಾರ. ಅದರಾಗ ನಾಕ ವಿಷಯ ಬರದಿರತಾವು.

ಮೊದಲನೇದು ಹೆಸರು. ಆ್ಯಪಿನ ಹೆಸರು ಒಂದಿರತೈತಿ, ಅಲ್ಲಿ ಬರೂದು ಯಾವುದೋ ಟೆಕ್ನಾಲಜೀಸ್ ಪ್ರೈವೇಟ್ ಲಿಮಿಟೆಡ್. ಮೂರ ತಿಂಗಳ ಬಿಟ್ಟು ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ "ಇದ್ಯಾರೋ ಮಾರಾಯ?" ಅಂತ ತಲಿ ಕೆರಕೊಳ್ಳೂದು ಇದಕ್ಕ. ಆ ಹೆಸರ ಅಲ್ಲೇ ನೋಡಿ ಬರಕೊಂಡಿಟ್ರ ಮುಂದ ಹುಡುಕೂದು ಹಗುರ.

ಎರಡನೇದು ಮೊತ್ತ, ಎಲ್ಲಾದರಕಿಂತ ಮುಖ್ಯ. ದೊಡ್ಡ ಅಕ್ಷರದಾಗ 1 ರೂಪಾಯಿ. ಕೆಳಗ "ಇಷ್ಟು ರೂಪಾಯಿತನಕಾ" ಅಂತ ಇನ್ನೊಂದು ಅಂಕಿ. ನೀವು ಸಹಿ ಹಾಕೂದು ಈ ಎರಡನೇ ಅಂಕಿಗೆ. ನಿಮ್ಮ ಪ್ಲಾನು ತಿಂಗಳಿಗೆ 199 ಇರಬಹುದು, ಮ್ಯಾಂಡೇಟಿನ ಮಿತಿ 999 ಇದ್ರ ನಾಳೆ ದರ 299 ಮಾಡಿದ್ರೂ ಹೊಸಾ ಪಿನ್ ಬೇಕಾಗಂಗಿಲ್ಲ. ಮಿತಿ ಒಳಗ ಐತಲ್ಲ, ಕೊರಕೊಂಡು ಹೋಗತೈತಿ.

ಮೂರನೇದು ಎಷ್ಟ ದಿನಕ್ಕೊಮ್ಮೆ ಅನ್ನೂದು. ತಿಂಗಳಿಗೊಮ್ಮೆ, ಮೂರ ತಿಂಗಳಿಗೊಮ್ಮೆ ಅಂತಿದ್ರ ಅರ್ಥ ಆತು. ಕೆಲವದರಾಗ "ಆ್ಯಸ್ ಪ್ರೆಸೆಂಟೆಡ್" ಅಂತ ಇರತೈತಿ. ಅಂದ್ರ ಕಂಪನಿ ಯಾವಾಗ ಕೇಳತೈತೋ ಆವಾಗ. ಉದ್ರಿ ಪುಸ್ತಕ ಅಂಗಡಿಯವನ ಕೈಯಾಗ ಕೊಟ್ಟು, ಪೆನ್ನೂ ಅವನ ಕೈಯಾಗ ಕೊಟ್ಟಂಗ.

ನಾಕನೇದು ಕೊನೀ ತಾರೀಕು. ಒಂದ ತಿಂಗಳ ಧಾರಾವಾಹಿ ನೋಡಾಕ ಹೋಗಿ ಹತ್ತಿಪ್ಪತ್ತು ವರ್ಷದ ಒಪ್ಪಿಗಿ ಕೊಟ್ಟು ಬಂದಾವ್ರು ಕಡಿಮಿ ಇಲ್ಲ.

ಏಳ ದಿನ ಆತು. ಬ್ಯಾಸರ ಆತು. ಹುಡುಗ ಏನ ಮಾಡ್ತಾನ? ಆ್ಯಪಿನ ಮ್ಯಾಲ ಬಟ್ಟ ಒತ್ತಿ ಹಿಡದು ಅನ್‌ಇನ್‌ಸ್ಟಾಲ್ ಮಾಡ್ತಾನ, ಪೀಡಾ ಹೋತು ಅಂತ ನಿದ್ದಿ ಹೊಡೀತಾನ. ಮ್ಯಾಂಡೇಟ್ ಇರೂದು ಬ್ಯಾಂಕಿನ್ಯಾಗ ರೀ, ಯುಪಿಐ ಲೆಕ್ಕದಾಗ. ಆ್ಯಪ್ ಹೋದ್ರೂ ಅದು ಗಟ್ಟಿ ಕುಂತಿರತೈತಿ. ಪ್ಲೇ ಸ್ಟೋರಿನ ಮೂಲಕ ತಗೊಂಡ ಚಂದಾದ್ದೂ ಅದ ಕತಿ. ಆ್ಯಪ್ ತಗದ್ರ ಚಂದಾ ನಿಲ್ಲಂಗಿಲ್ಲ ಅಂತ ಗೂಗಲ್‌ನವ್ರ ತಮ್ಮ ಸಹಾಯದ ಪುಟದಾಗ ಬರದಾರ. ಓದಾವ್ರು ಯಾರು? 199ರಂಗ ವರ್ಷಕ್ಕ 2,388 ರೂಪಾಯಿ ಆಗತೈತಿ, ನೋಡದ ಆ್ಯಪಿಗೆ.

"ಮೆಸೇಜ್ ಬರಬೇಕಲ್ರಿ?" ಅಂತೀರಿ. ಬರತೈತಿ. ರೊಕ್ಕಾ ಕೊರಿಯೂಕಿಂತ 24 ತಾಸು ಮೊದಲ ತಿಳಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತಿ. ಯಾರಿಗೆ, ಎಷ್ಟು, ಯಾವ ದಿನ ಅಂತೆಲ್ಲಾ ಇರತೈತಿ. ಆದ್ರ ಅದು ಇಳಿಯೂದು ಎಲ್ಲಿ? "ನಿಮಗ 5 ಲಕ್ಷ ಸಾಲ ಮಂಜೂರಾಗಿದೆ", "ಇವತ್ತ ಕೊನೀ ದಿನ, ರೀಚಾರ್ಜ್ ಮಾಡ್ರಿ" ಅನ್ನೋ ಮೆಸೇಜಿನ ಸಂತಿಯಾಗ. ಅಲ್ಲಿ ಅದನ್ನ ಗುರ್ತ ಹಿಡಿಯೂದು ಭತ್ತದ ರಾಶಿಯಾಗ ಸೂಜಿ ಹುಡುಕಿದಂಗ.

ಖಾತೆದಾಗ ರೊಕ್ಕಾ ಇಲ್ಲದಂಗ ಇಟ್ರ ಆತು ಅಂತ ಕೆಲವ್ರು ಶಾಣ್ಯಾತನ ಮಾಡ್ತಾರ. 2025ರ ಆಗಸ್ಟ್ 1ರಿಂದ ನಿಯಮ ಹಿಂಗೈತಿ: ಒಂದ ಪ್ರಯತ್ನ, ಅದು ಫೇಲ್ ಆದ್ರ ಇನ್ನೂ ಮೂರ ಸಲ. ಅದೂ ಗದ್ದಲ ಇಲ್ಲದ ಹೊತ್ತಿನ್ಯಾಗ, ಅಂದ್ರ ಮುಂಜಾನೆ ಹತ್ತರೊಳಗ, ಮಧ್ಯಾಹ್ನ ಒಂದರಿಂದ ಐದು, ಇಲ್ಲಾ ರಾತ್ರಿ ಒಂಬತ್ತೂವರಿ ನಂತರ. ಈ ಹೊತ್ತು ಇಟ್ಟಿದ್ದು ಯುಪಿಐ ಮ್ಯಾಲಿನ ಭಾರ ಇಳಸಾಕ, ಅದಕ್ಕ ನನ್ನ ತಕರಾರಿಲ್ಲ. ಆದ್ರ ನಾಕ ಸಲ ಬಾಗಲಾ ಬಡದಾಗ ಒಂದ ಸಲ ಒಳಗ ರೊಕ್ಕಾ ಇರೂದು ಸಹಜ.

ಎಷ್ಟೋ ಮನ್ಯಾಗ ಸ್ಮಾರ್ಟ್‌ಫೋನ್ ಒಂದ ಇರತೈತಿ. ಅದರಾಗ ಅವ್ವನ ಸಿಮ್ಮು, ಅವ್ವನ ಖಾತೆ, ನೋಡಾವ್ರು ಮಾತ್ರ ಮಕ್ಕಳು. ಪಿನ್ನು ಮನೀ ಮಂದಿಗೆಲ್ಲಾ ಗೊತ್ತು. ಗೃಹಲಕ್ಷ್ಮಿ 2,000 ರೂಪಾಯಿ ಬಂದ ದಿನಾನ ಅದರ ಮೊದಲ ಪಾಲು ಯಾವುದೋ ಧಾರಾವಾಹಿ ಕಂಪನಿಗೆ ಹೋದ್ರ, ಅವ್ವಗ ತಿಳಿಯೂದು ಎಟಿಎಂ ಮುಂದ ನಿಂತಾಗ. ಕಬ್ಬಿನ ಬಿಲ್ಲು 14 ದಿನದಾಗ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳತೈತಿ. ಅದು ಎಷ್ಟ ಪಾಲನೆ ಆಗತೈತಿ ಅಂತ ಬೆಳಗಾವಿ, ಬಾಗಲಕೋಟಿ ಕಡೀ ರೈತರನ್ನ ಕೇಳ್ರಿ. ನಮಗ ಬರೋ ರೊಕ್ಕಾ ತನಗ ತಿಳದಾಗ ಬರತೈತಿ, ನಮ್ಮಿಂದ ಹೋಗೋದು ಮಾತ್ರ ತಾರೀಕ ತಪ್ಪಂಗಿಲ್ಲ.

ಇದು ಸಣ್ಣ ಪುಟ್ಟ ಆ್ಯಪಿನವ್ರ ಚಾಳಿ ಅಂತ ತಿಳ್ಕೊಬ್ಯಾಡ್ರಿ. ಅಮೆರಿಕಾದಾಗ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ದಾಗ ಅಮೆಜಾನ್ ಮ್ಯಾಲ ಕೇಸ್ ಹಾಕಿತು. ದೂರಿನ್ಯಾಗ ಇದ್ದದ್ದು ಹಿಂಗ: ಅದರ ರೊಕ್ಕಾ ಕೊಡೋ ಸದಸ್ಯತ್ವ ಪ್ರೈಮ್ ಸೇರೂದು ಸಲೀಸು, ಬಿಡಬೇಕಂದ್ರ ನಾಕ ಪುಟ, ಆರ ಕ್ಲಿಕ್ಕು, ಹದಿನೈದು ಆಯ್ಕಿ. ಕಂಪನಿ ಒಳಗ ಈ ಬಿಡೋ ಹಾದಿಗೆ ಇಟ್ಟಿದ್ದ ಹೆಸರು "ಇಲಿಯಡ್", ಮುಗೀಲಾರದ ಯುದ್ಧದ ಗ್ರೀಕ್ ಮಹಾಕಾವ್ಯದ ಹೆಸರು. ನಾವು "ದೊಡ್ಡ ಮಹಾಭಾರತ ಆತಲ್ಲೋ" ಅಂತೀವಲ್ಲ, ಥೇಟ್ ಹಂಗ. ಹೊರಗಿನವ್ರು ಬೈದು ಇಟ್ಟ ಹೆಸರಲ್ಲ, ಮನಿಯವ್ರ ಇಟ್ಟದ್ದು. 2025ರ ಸೆಪ್ಟೆಂಬರ್‌ನಾಗ ತಪ್ಪು ಒಪ್ಪಿಕೊಳ್ಳದನ ಅಮೆಜಾನ್ 250 ಕೋಟಿ ಡಾಲರಿಗೆ ರಾಜಿ ಮಾಡ್ಕೊಂತು. 100 ಕೋಟಿ ದಂಡ, 150 ಕೋಟಿ ಗಿರಾಕಿಗೆ ವಾಪಸ್.

ನಮ್ಮಲ್ಲೂ ನಿಯಮ ಅದಾವು. 2023ರ ನವೆಂಬರ್ 30ಕ್ಕ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥಾ 13 ಡಾರ್ಕ್ ಪ್ಯಾಟರ್ನ್, ಅಂದ್ರ ಗಿರಾಕಿನ್ನ ದಾರಿ ತಪ್ಪಿಸೋ ತಂತ್ರ, ಪಟ್ಟಿ ಮಾಡಿ ನಿಷೇಧಿಸೈತಿ. ಅದರಾಗ ಚಂದಾ ಬಲೆ (ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್) ಅನ್ನೂದೂ ಒಂದು: ರದ್ದು ಮಾಡೂದನ್ನ ಮುಚ್ಚಿಡೂದು, ತೊಡಕು ಮಾಡೂದು. ಅಷ್ಟ ಅಲ್ಲ, ಪುಕ್ಕಟೆ ಚಂದಾ ಕೊಡಾಕ ಆಟೋ ಡೆಬಿಟ್ ಒಪ್ಪಿಗಿ ಬೇಕ ಅಂತ ಒತ್ತಾಯ ಮಾಡೂದೂ ತಪ್ಪು ಅಂತ ಅದರಾಗ ಬರದೈತಿ. ಈಗ ಹೇಳ್ರಿ, "ಫ್ರೀ ಟ್ರಯಲ್" ಅಂತ ಬಿಟ್ಟು "1 ರೂಪಾಯಿ ಟ್ರಯಲ್" ಯಾಕ ಹಿಂಗ ಎಲ್ಲಾ ಕಡೆ ತುಂಬೈತಿ? ನನ್ನ ಸಂಶಯ ಹೇಳ್ತೀನಿ, ಸಾಕ್ಷಿ ಕೇಳಬ್ಯಾಡ್ರಿ: ಒಂದ್ ರೂಪಾಯಿ ತಗೊಂಡ್ರ ಅದು ಪುಕ್ಕಟೆ ಆಗಂಗಿಲ್ಲ ನೋಡ್ರಿ. ಇನ್ನ 2025ರ ಜೂನ್‌ದಾಗ ಪ್ರಾಧಿಕಾರ ಆನ್‌ಲೈನ್ ಕಂಪನಿಗಳಿಗೆ ಮೂರ ತಿಂಗಳದಾಗ ನಿಮ್ಮ ಆ್ಯಪ್ ನೀವ ತಪಾಸಣಿ ಮಾಡ್ಕೊರಿ ಅಂತ ಸೂಚನಾ ಕೊಟ್ಟಿತು. ತಮ್ಮ ಪೇಪರ್ ತಾವ ತಿದ್ದೂದಾದ್ರ ಯಾವ ಹುಡುಗ ನಾಪಾಸ್ ಆಗ್ತಾನ್ರಿ?

ಅಂಗಡಿಯವ್ರಿಗೂ ಒಂದ ಮಾತು. ಚಾದ ಅಂಗಡಿಯಾಗ "ಹತ್ತು ರೂಪಾಯಿ ಬಂದಿದೆ" ಅಂತ ಒದರೋ ಡಬ್ಬಿ ಐತಲ್ಲ, ಅದಕ್ಕೂ ತಿಂಗಳ ಬಾಡಿಗಿ ಇರತೈತಿ, ಅದೂ ತಾನಾಗೇ ಹೋಗೋದು. 2020ರ ಜನವರಿಯಿಂದ ಯುಪಿಐ ವ್ಯವಹಾರಕ್ಕ ಅಂಗಡಿಯವನ ಕಡಿಂದ ಕಮಿಷನ್ ತಗೋಳಂಗಿಲ್ಲ, ಹಿಂಗಾಗಿ ಕಂಪನಿ ದುಡಿಯೂದು ಡಬ್ಬಿ ಬಾಡಿಗಿ, ಸಾಲ ಇಂಥಾದ್ರಾಗ. ಬ್ಯಾಟರಿ ಸತ್ತ ಡಬ್ಬಿ ಗಲ್ಲಾದ ಕೆಳಗ ಬಿದ್ದಿರತೈತಿ, ಬಾಡಿಗಿ ಮಾತ್ರ ಜೀವಂತ. ಬ್ಯಾಡಾದ್ರ ಡಬ್ಬಿ ವಾಪಸ್ ಕೊಟ್ಟು, ಕೊಟ್ಟಿದ್ದಕ್ಕ ಬರಹದಾಗ ಪುರಾವೆ ತಗೋರಿ. ಒಯ್ಯಾಕ ಬಂದ ಹುಡುಗ "ಆತ್ರಿ ಕಾಕಾ, ಬಂದ್ ಮಾಡ್ತೀನಿ" ಅಂದ ಮಾತು ಪುರಾವೆ ಅಲ್ಲ.

ಸರಿ, ಈಗ ಮೊಬೈಲ್ ಕೈಯಾಗ ತಗೋರಿ.

ಮೊದಲ ಆ ಆ್ಯಪಿನ ಒಳಗ ಹೋಗಿ ಚಂದಾ ರದ್ದು ಮಾಡ್ರಿ. ತಗದು ಹಾಕಿದ್ರ ಮತ್ತ ಇನ್‌ಸ್ಟಾಲ್ ಮಾಡ್ರಿ, ಅದ ನಂಬರಿನಿಂದ ಒಳಗ ಹೋಗ್ರಿ. "50 ಪರ್ಸೆಂಟ್ ಕಡಿಮಿ ಮಾಡ್ತೀವಿ, ನಿಲ್ರಿ" ಅಂತ ಗುಂಗಾಡದಂಗ ಬೆನ್ನು ಹತ್ತತೈತಿ, ದಾಟಿ ಹೋಗ್ರಿ. ರದ್ದಾತು ಅಂತ ಬಂದ ಪರದೆಯ ಸ್ಕ್ರೀನ್‌ಶಾಟ್ ಇಟ್ಕೋರಿ, ತಾರೀಕ ಕಾಣೂಹಂಗ.

ಆಮ್ಯಾಲ ಯುಪಿಐ ಆ್ಯಪ್. ಮ್ಯಾಲ ನಿಮ್ಮ ಪ್ರೊಫೈಲ್ ಚಿತ್ರ ಒತ್ರಿ, ಕೆಳಗ ಸರಿಸಿದ್ರ ಆಟೋಪೇ ಅಂತ ಸಿಗತೈತಿ. ಅಲ್ಲಿ ಚಾಲೂ ಇರೋ ಪಟ್ಟಿ ಕಾಣತೈತಿ. ಎರಡ ಗುಂಡಿ ಇರತಾವು: ಒಂದು ಪಾಜ್ (Pause), ಅಂದ್ರ ಸ್ವಲ್ಪ ದಿನ ತಡಿಯೂದು, ಇನ್ನೊಂದು ಕ್ಯಾನ್ಸಲ್ ಇಲ್ಲಾ ರಿವೋಕ್. ಪಾಜ್ ಒತ್ತಬ್ಯಾಡ್ರಿ, ಅದು ಮುಂದ ಮತ್ತ ಎದ್ದು ಕುಂದರತೈತಿ. ಕ್ಯಾನ್ಸಲ್ ಒತ್ತಿದ್ರ ಪಿನ್ ಕೇಳತೈತಿ, ಹಾಕ್ರಿ. ಇದು ರೊಕ್ಕಾ ಹೋಗೂದಕ್ಕಲ್ಲ, ನಿಲ್ಲಸೂದಕ್ಕ. ಯಾವ ಯುಪಿಐ ಆ್ಯಪಿನಿಂದ ಒಪ್ಪಿಗಿ ಕೊಟ್ಟಿದ್ರಿ ಅನ್ನೂದು ಮರತಿದ್ರ, ಮೊಬೈಲ್‌ದಾಗ ಇರೋ ಎರಡು ಮೂರು ಯುಪಿಐ ಆ್ಯಪನ್ನೂ ತಗದು ನೋಡ್ರಿ.

ಅಲ್ಲಿ ಕಾಣ್ಲಿಲ್ಲ, ಆದ್ರೂ ರೊಕ್ಕಾ ಹೊಂಟೈತಿ ಅಂದ್ರ ಪ್ಲೇ ಸ್ಟೋರ್ ತಗೀರಿ, ಪ್ರೊಫೈಲ್, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್. ಅಲ್ಲೂ ಇಲ್ಲಂದ್ರ ಡೆಬಿಟ್ ಕಾರ್ಡಿನ ಮ್ಯಾಲ ಮ್ಯಾಂಡೇಟ್ ಇರಬಹುದು. ಬ್ಯಾಂಕಿನ ಆ್ಯಪ್‌ದಾಗ ನೋಡ್ರಿ, ಇಲ್ಲಾ ಶಾಖೆಗೆ ಹೋಗಿ ಕೇಳ್ರಿ. ಖಾತೆ ಬಿಟ್ಟು ರೀಚಾರ್ಜ್ ಬ್ಯಾಲೆನ್ಸ್‌ನಾಗ ಕಡಿಮಿ ಆಗಾಕತ್ತಿದ್ರ ಅದು ಹಳೇ ಕಾಲರ್ ಟ್ಯೂನ್ ರೋಗ. 155223ಕ್ಕ STOP ಅನ್ನೋ ಇಂಗ್ಲಿಷ್ ಪದ ಕಳಸ್ರಿ, ಇಲ್ಲಾ ಫೋನ್ ಹಚ್ರಿ.

ಹೋದ ರೊಕ್ಕಾ ಬೇಕಂದ್ರ? 1930ಕ್ಕ ಓಡಬ್ಯಾಡ್ರಿ, ಅದು ಸೈಬರ್ ವಂಚನೆಗೆ. ಬ್ಯಾಂಕಿನವ್ರೂ "ಪಿನ್ ನೀವ ಹಾಕೀರಲ್ಲ" ಅಂತಾರ, ಅವ್ರ ಮಾತಿನ್ಯಾಗ ತಪ್ಪಿಲ್ಲ. ಇದು ಗ್ರಾಹಕರ ತಕರಾರು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಫೋನ್ ಮಾಡೂಕಿಂತ ಮೊದಲ ಕಂಪನಿಗೆ ಒಂದ ಇಮೇಲ್ ಹಾಕ್ರಿ. ಪ್ರತಿ ಸಲ ಹೋದ ರೊಕ್ಕದ 12 ಅಂಕಿ ಯುಪಿಐ ನಂಬರು, ತಾರೀಕು, ಸ್ಕ್ರೀನ್‌ಶಾಟ್ ಅದರಾಗ ಇರಲಿ. ಅದಕ್ಕೂ ಬಗ್ಗಲಿಲ್ಲ ಅಂದ್ರ ಜಿಲ್ಲಾ ಗ್ರಾಹಕ ಆಯೋಗ ಐತಿ. ಕಂಪನಿ ಆಫೀಸು ಬೆಂಗಳೂರಾಗ ಇರಲಿ, ಗುರುಗ್ರಾಮದಾಗ ಇರಲಿ, 2019ರ ಕಾಯ್ದೆ ಪ್ರಕಾರ ನೀವು ಇರೋ ಊರಾಗ ಕೇಸ್ ಹಾಕಬಹುದು. ವಿಜಯಪುರದಾವ್ರು ವಿಜಯಪುರದಾಗ, ಬೆಳಗಾವಿಯವ್ರು ಬೆಳಗಾವಿಯಾಗ. 5 ಲಕ್ಷದೊಳಗಿನದಕ್ಕ ಫೀ ಇಲ್ಲ, ವಕೀಲರ ಬೇಕ ಅಂತನೂ ಇಲ್ಲ. 199 ರೂಪಾಯಿಗೆ ಯಾರ ಅಲೆದಾಡ್ತಾರ್ರಿ ಅಂತೀರೇನು? ಆ ಕಂಪನಿಯವ್ರೂ ಅದ ಲೆಕ್ಕಾ ಹಾಕ್ಯಾರ.